ಹೊಡೆತ ಹಿಗ್ಗಿತು, ನೆಲ ಹಿಗ್ಗಲಿಲ್ಲ

2025ರ ಮೇ ತಿಂಗಳಲ್ಲಿ ಅಮೆರಿಕದ ಕ್ವೇಲ್ ಹಾಲೊ ಮೈದಾನದಲ್ಲಿ ಗಾಲ್ಫ್‌ನ ಪಿಜಿಎ ಚಾಂಪಿಯನ್‌ಶಿಪ್ ನಡೆಯುತ್ತಿದ್ದ ವಾರ ಹೊರಬಿದ್ದ ಒಂದು ಸುದ್ದಿ ಇಂದಿಗೂ ನನ್ನನ್ನು ಕಾಡುತ್ತಿದೆ. ರೋರಿ ಮೆಕಿಲ್ರಾಯ್ ಅವರ ಡ್ರೈವರ್, ಅಂದರೆ ಚೆಂಡನ್ನು ಅತಿ ದೂರ ಹೊಡೆಯುವ ಕ್ಲಬ್, ಪರೀಕ್ಷೆಯಲ್ಲಿ ಫೇಲಾಗಿದೆ ಎನ್ನುವ ಸುದ್ದಿ. ತಿಂಗಳ ಹಿಂದಷ್ಟೇ ಅವರು ಆಗಸ್ಟಾದಲ್ಲಿ ಮಾಸ್ಟರ್ಸ್ ಗೆದ್ದು, ಮೇಜರ್ ಎನ್ನುವ ನಾಲ್ಕೂ ಅತಿದೊಡ್ಡ ಪಂದ್ಯಾವಳಿಗಳನ್ನು ಗೆದ್ದ ಆರನೆಯ ಆಟಗಾರ ಎನಿಸಿಕೊಂಡಿದ್ದರು. ಈಗ ಕೈಗೆ ಪಳಗಿದ ಡ್ರೈವರನ್ನು ಪಕ್ಕಕ್ಕಿಟ್ಟು ಇನ್ನೊಂದರಲ್ಲಿ ಆಡಬೇಕಾಯಿತು. ನಾಲ್ಕೂ ದಿನ ಆಟ ಮುಗಿಸಿ ಪತ್ರಕರ್ತರ ಜತೆ ಒಂದು ಮಾತೂ ಆಡದೆ ಹೊರಟುಹೋದರು.

ಆ ಪರೀಕ್ಷೆ ಹೀಗಿದೆ. ಲೋಲಕದ ತುದಿಯಲ್ಲಿರುವ ಉಕ್ಕಿನ ಗುಂಡನ್ನು ಡ್ರೈವರಿನ ಮುಖಕ್ಕೆ ಬಡಿಸಿ, ಗುಂಡು ಮುಖಕ್ಕೆ ತಾಗಿಕೊಂಡಿರುವ ಹೊತ್ತನ್ನು ಅಳೆಯುತ್ತಾರೆ. ಮೈಕ್ರೋಸೆಕೆಂಡುಗಳ ಲೆಕ್ಕ. ಮಿತಿ 239, ಅದರ ಮೇಲೆ 18ರ ರಿಯಾಯಿತಿ, ಒಟ್ಟು 257. ತಾಗಿಕೊಂಡಿರುವ ಹೊತ್ತು ಹೆಚ್ಚಿದಷ್ಟೂ ಮುಖ ಒಳಕ್ಕೆ ಬಾಗಿ ಸ್ಪ್ರಿಂಗಿನ ಹಾಗೆ ಚೆಂಡನ್ನು ಚಿಮ್ಮುತ್ತದೆ ಎಂದರ್ಥ. ಕಾರ್ಖಾನೆಯಿಂದ ಬರುವಾಗ ಡ್ರೈವರ್ ಮಿತಿಯೊಳಗೇ ಇರುತ್ತದೆ. ಆದರೆ ಗಂಟೆಗೆ 120 ಮೈಲಿ ವೇಗದಲ್ಲಿ ಸಾವಿರಾರು ಸಲ ಬೀಸಿದ ಮೇಲೆ ತೆಳ್ಳಗಿನ ಟೈಟಾನಿಯಂ ಮುಖ ದಣಿಯುತ್ತದೆ, ದಣಿದಂತೆ ಇನ್ನಷ್ಟು ಚಿಮ್ಮುತ್ತದೆ, ಕೊನೆಗೊಂದು ದಿನ ಸೀಳುತ್ತದೆ. ಸೀಳುವುದಕ್ಕೆ ಮುಂಚಿನ ಆ ಕೆಲವು ವಾರಗಳಲ್ಲಿ ಅದು ಯಾರಿಗೂ ತಿಳಿಯದ ಹಾಗೆ ನಿಯಮದ ಗೆರೆ ದಾಟಿರುತ್ತದೆ. ಆಟಗಾರ ಏನೂ ತಪ್ಪು ಮಾಡಿರುವುದಿಲ್ಲ. ಅದೇ ಪಂದ್ಯಾವಳಿಯನ್ನು ಐದು ಹೊಡೆತಗಳ ಅಂತರದಿಂದ ಗೆದ್ದ ಸ್ಕಾಟಿ ಶೆಫ್ಲರ್, ತಮ್ಮ ಡ್ರೈವರೂ ಅದೇ ವಾರ ಫೇಲಾಗಿತ್ತು ಎಂದು ಗೆದ್ದ ಮೇಲೆ ತಾವಾಗಿಯೇ ಹೇಳಿದರು.

ಈ ಪರೀಕ್ಷೆಯ ಫಲಿತಾಂಶವನ್ನು ಗುಟ್ಟಾಗಿಡುವುದು ಅಲ್ಲಿನ ಪದ್ಧತಿ. ಅದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಮುಚ್ಚಿಟ್ಟದ್ದು ಸೋರಿದಾಗ ಪ್ರಾಮಾಣಿಕನೂ ಕಳ್ಳನಂತೆ ಕಾಣುತ್ತಾನೆ. 2019ರ ಓಪನ್‌ನಲ್ಲಿ (ಬ್ರಿಟಿಷ್ ಓಪನ್ ಎಂದೂ ಕರೆಯುವ ಮೇಜರ್) ಆಟಗಾರ ಝಾಂಡರ್ ಷಾಫ್ಲೆ ಅವರಿಗೂ ಹೀಗೇ ಆಗಿತ್ತು. ಎಲ್ಲರ ಡ್ರೈವರುಗಳನ್ನೂ ಪರೀಕ್ಷಿಸಿ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದರೆ ಯಾರ ಮೇಲೂ ಅನುಮಾನದ ನೆರಳು ಬೀಳುವುದಿಲ್ಲ. ಆದರೆ ನನ್ನನ್ನು ಹೆಚ್ಚು ಕೊರೆದದ್ದು ಈ ಗುಟ್ಟಿಗಿಂತ ಅದರ ಹಿಂದಿನ ಪ್ರಶ್ನೆ. ಮೈಕ್ರೋಸೆಕೆಂಡುಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಈ ಆಟ ಕಾಪಾಡಲು ಹೊರಟಿರುವುದು ಯಾವುದನ್ನು? ಕೇಳಿದರೆ ಎಲ್ಲರೂ ಪರಂಪರೆ ಎನ್ನುತ್ತಾರೆ. ಯಾವುದರ ಪರಂಪರೆ, ಯಾವ ಕಾಲದ್ದು?

ಗರಿಯ ಚೆಂಡು ಹೊಲಿಯುತ್ತಿದ್ದವರು

1744ರಲ್ಲಿ ಎಡಿನ್‌ಬರೊ ಪಕ್ಕದ ಲೀತ್‌ನಲ್ಲಿ ಬರೆದಿಟ್ಟ ಮೊದಲ 13 ನಿಯಮಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕ್ಲಬ್ ಹೇಗಿರಬೇಕು, ಚೆಂಡು ಎಷ್ಟು ತೂಗಬೇಕು ಎನ್ನುವ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಟೀಯಿಂದ, ಅಂದರೆ ಮೊದಲ ಹೊಡೆತದ ಜಾಗದಿಂದ, ಹೊಡೆದ ಚೆಂಡನ್ನು ನಡುವೆ ಬದಲಿಸಬಾರದು ಎಂದಿದೆ. ನೀರಿಗೆ ಬಿದ್ದರೆ ಏನು ಮಾಡಬೇಕು, ಕಳೆದುಹೋದರೆ ಏನು ಎಂದಿದೆ. ಅಷ್ಟೆ. ಬಡಗಿ ಮಾಡಿಕೊಟ್ಟ ಕೋಲು, ಕೈಯಲ್ಲಿ ಹೊಲಿದ ಚೆಂಡು, ಇವುಗಳಿಂದ ಆಟಕ್ಕೆ ಅಪಾಯ ಬರಬಹುದು ಎನ್ನುವುದು ಅವರ ಕಲ್ಪನೆಗೂ ಬಂದಿರಲಾರದು.

ಆ ಕಾಲದ ಚೆಂಡೆಂದರೆ ಚರ್ಮದ ಚೀಲಕ್ಕೆ ಬೇಯಿಸಿದ ಹೆಬ್ಬಾತಿನ ಗರಿಗಳನ್ನು, ಒಂದು ಟೋಪಿ ತುಂಬುವಷ್ಟು, ಒತ್ತಿ ಒತ್ತಿ ತುರುಕಿ ಹೊಲಿದದ್ದು. ನುರಿತ ಕೈ ದಿನಕ್ಕೆ ಮೂರೋ ನಾಲ್ಕೋ ಮಾಡಬಹುದಿತ್ತು. ಗರಿಯ ಧೂಳು ಕುಡಿದು ಎದೆ ಕೆಡಿಸಿಕೊಂಡವರು ಬಹಳ. ಸೇಂಟ್ ಆಂಡ್ರ್ಯೂಸ್‌ನ ಆ್ಯಲನ್ ರಾಬರ್ಟ್‌ಸನ್ ಈ ಕಸುಬಿನಲ್ಲಿ ದೊಡ್ಡ ಹೆಸರು. ಆಗಿನ ಅತ್ಯುತ್ತಮ ಆಟಗಾರರೂ ಅವರೇ. 1848ರ ಹೊತ್ತಿಗೆ ಮಲಯಾದ ಮರದ ಅಂಟಿನಿಂದ ಮಾಡಿದ ಗಟಾಪರ್ಚ ಚೆಂಡು ಬಂತು. ಅಗ್ಗ, ಗಟ್ಟಿ, ಒಡೆದರೆ ಕರಗಿಸಿ ಮತ್ತೆ ಉಂಡೆ ಕಟ್ಟಬಹುದು. ರಾಬರ್ಟ್‌ಸನ್ ಅದನ್ನು ಶತ್ರುವಿನಂತೆ ಕಂಡರು. ಅವರ ಬಳಿ ಕೆಲಸ ಕಲಿತ ಟಾಮ್ ಮಾರಿಸ್ ಒಂದು ದಿನ ಗಟಾಪರ್ಚ ಚೆಂಡಿನಲ್ಲಿ ಆಡಿದ್ದು ಅವರ ಕಿವಿಗೆ ಬಿದ್ದು, ಇಬ್ಬರಿಗೂ ಮನಸ್ಸು ಮುರಿಯಿತು. ಮಾರಿಸ್ ಹೊರಬಂದರು, 1851ರಲ್ಲಿ ಪ್ರೆಸ್ಟ್‌ವಿಕ್‌ಗೆ ಹೋದರು. ಮೊದಲ ಓಪನ್ ನಡೆದದ್ದು ಅದೇ ಪ್ರೆಸ್ಟ್‌ವಿಕ್‌ನಲ್ಲಿ, 1860ರಲ್ಲಿ. ಇತ್ತ ರಾಬರ್ಟ್‌ಸನ್ ಕೂಡ ಕೆಲವೇ ವರ್ಷಗಳಲ್ಲಿ ಹೊಸ ಚೆಂಡಿಗೆ ಒಗ್ಗಿಕೊಂಡರು. 1858ರಲ್ಲಿ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸನ್ನು 79 ಹೊಡೆತಗಳಲ್ಲಿ ಮುಗಿಸಿ, ಅಲ್ಲಿ 80ರೊಳಗೆ ಬಂದ ಮೊದಲಿಗರಾದರು.

ರಾಬರ್ಟ್‌ಸನ್ ಅವರ ನೋವು ನನಗೆ ಅರ್ಥವಾಗುತ್ತದೆ. ತಲೆತಲಾಂತರದ ಕೈಕಸುಬು ಕಣ್ಣೆದುರೇ ಮುಳುಗುವುದನ್ನು ನೋಡುವುದು ಸುಲಭವಲ್ಲ. ಆದರೆ ಗಮನಿಸಿ, ಗರಿಯ ಚೆಂಡು ಹೋದಾಗ ಗಾಲ್ಫ್ ಹೋಗಲಿಲ್ಲ. ಅದು ಊರಿನ ದರ್ಜಿಗೂ ಗಾರೆಯವನಿಗೂ ಎಟುಕುವ ಆಟವಾಯಿತು. ಐವತ್ತು ವರ್ಷಗಳ ನಂತರ ಗಟಾಪರ್ಚಕ್ಕೂ ಅದೇ ಗತಿ. 1898ರಲ್ಲಿ ಓಹಾಯೊದ ಆ್ಯಕ್ರನ್‌ನಲ್ಲಿ ಕೋಬರ್ನ್ ಹ್ಯಾಸ್ಕೆಲ್ ಎನ್ನುವವರು, ಗುಡ್‌ರಿಚ್ ರಬ್ಬರ್ ಕಂಪನಿಯ ಗೆಳೆಯ ಬರ್ಟ್ರಮ್ ವರ್ಕ್ ಜತೆಗೂಡಿ, ರಬ್ಬರಿನ ಎಳೆಯನ್ನು ಬಿಗಿಯಾಗಿ ಸುತ್ತಿ ಚೆಂಡು ಮಾಡಿದರು. 1902ರ ಓಪನ್‌ನಲ್ಲಿ, ಹಾಯ್‌ಲೇಕ್‌ನಲ್ಲಿ, ಸ್ಯಾಂಡಿ ಹರ್ಡ್ ಆ ಚೆಂಡಿನಿಂದ ಆಡಿ ಹ್ಯಾರಿ ವಾರ್ಡನ್ ಮತ್ತು ಜೇಮ್ಸ್ ಬ್ರೇಡ್ ಇಬ್ಬರನ್ನೂ ಒಂದೇ ಒಂದು ಹೊಡೆತದಿಂದ ಸೋಲಿಸಿದರು. ಮರುವರ್ಷದಿಂದ ಗಟಾಪರ್ಚ ಹುಡುಕಿದರೂ ಕಾಣದಾಯಿತು. ಇಂದು ಯಾರಾದರೂ ಹಳೆಯ ಚೆಂಡು, ಹಳೆಯ ಕ್ಲಬ್ ಎಂದು ಕಣ್ಣು ತೇವ ಮಾಡಿಕೊಂಡರೆ ನಾನು ಗೌರವದಿಂದಲೇ ಕೇಳುತ್ತೇನೆ, ಆದರೆ ಪರಂಪರೆ ಆ ವಸ್ತುವಿನೊಳಗೆ ಇದೆ ಎಂದು ನಂಬುವುದಿಲ್ಲ.

ನೋಟ ಕೆಟ್ಟಿತೆಂದು ಮಾಡಿದ ನಿಯಮಗಳು

ಉಪಕರಣದ ನಿಯಮಗಳು ನಿಜವಾಗಿ ಶುರುವಾಗುವುದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಒಂದು ಪಟರ್‌ನಿಂದ, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸಿ ಕುಳಿಗೆ ಹಾಕುವ ಕ್ಲಬ್ಬಿನಿಂದ. 1904ರಲ್ಲಿ ಅಮೆರಿಕದ ವಾಲ್ಟರ್ ಟ್ರಾವಿಸ್ ಸ್ಯಾಂಡ್‌ವಿಚ್‌ನಲ್ಲಿ ಬ್ರಿಟಿಷ್ ಅಮೆಚೂರ್ ಗೆದ್ದರು. ಹೊರದೇಶದವರೊಬ್ಬರು ಆ ಕಪ್ ಗೆದ್ದದ್ದು ಅದೇ ಮೊದಲು. ಅವರ ಕೈಯಲ್ಲಿದ್ದದ್ದು ಸ್ಕೆನೆಕ್ಟಡಿ ಪಟರ್. ಅದರ ಹಿಡಿಕೋಲು ತಲೆಯ ಅಂಚಿಗೆ ಸೇರುವ ಬದಲು ನಡುವಿಗೆ ಸೇರಿತ್ತು. 1910ರಲ್ಲಿ ಸೇಂಟ್ ಆಂಡ್ರ್ಯೂಸ್‌ನವರು, ಅಂದರೆ ನಿಯಮ ಮಾಡುತ್ತಿದ್ದ ಅಲ್ಲಿನ ಕ್ಲಬ್ಬಿನವರು, ಆ ಬಗೆಯ ಪಟರ್‌ಗಳನ್ನು ನಿಷೇಧಿಸಿದರು. ಅಮೆರಿಕದವರು ಒಪ್ಪಲಿಲ್ಲ. ನಿಷೇಧ 1950ರ ದಶಕದ ಆರಂಭದವರೆಗೂ ಉಳಿಯಿತು, ಆಮೇಲೆ ಯಾವ ಗದ್ದಲವೂ ಇಲ್ಲದೆ ಹೋಯಿತು. ನಡುವಿನ ಆ ನಾಲ್ಕು ದಶಕಗಳಲ್ಲಿ ಆ ಪಟರ್ ಅಮೆರಿಕದ ಆಟವನ್ನೇನೂ ಹಾಳು ಮಾಡಿರಲಿಲ್ಲ. 1960ರ ದಶಕದಲ್ಲಿ ಸ್ಯಾಮ್ ಸ್ನೀಡ್ ವಯಸ್ಸಾಗಿ ಪಟಿಂಗ್‌ನಲ್ಲಿ ಕೈ ಅದುರತೊಡಗಿದಾಗ, ಕಾಲುಗಳ ನಡುವೆ ಚೆಂಡಿಟ್ಟುಕೊಂಡು ಕ್ರೋಕೆ ಆಡುವವರ ಹಾಗೆ ಮುಂದಕ್ಕೆ ತಳ್ಳಲು ಶುರುಮಾಡಿದರು. 1968ರಲ್ಲಿ ಅದೂ ಬಂದ್. ಅವರು ಪಕ್ಕಕ್ಕೆ ನಿಂತು ಅದನ್ನೇ ಮುಂದುವರಿಸಿದರು.

ಹೊಟ್ಟೆಗೋ ಎದೆಗೋ ಊರಿ ಬೀಸುವ ಉದ್ದದ ಪಟರ್‌ನ ಕಥೆ ನಮ್ಮ ಕಣ್ಣೆದುರು ನಡೆದದ್ದು. ಅಂಥ ಪಟರ್ ಹಿಡಿದು 2011ರಲ್ಲಿ ಕೀಗನ್ ಬ್ರ್ಯಾಡ್ಲಿ ಪಿಜಿಎ ಗೆದ್ದರು, 2012ರಲ್ಲಿ ವೆಬ್ ಸಿಂಪ್ಸನ್ ಯುಎಸ್ ಓಪನ್, ಎರ್ನಿ ಎಲ್ಸ್ ಓಪನ್. ಆ ನವೆಂಬರಿನಲ್ಲೇ ಆರ್‌ ಆ್ಯಂಡ್‌ ಎ ಮತ್ತು ಯುಎಸ್‌ಜಿಎ, ಅಂದರೆ ಗಾಲ್ಫ್‌ನ ನಿಯಮ ಮಾಡುವ ಎರಡು ಸಂಸ್ಥೆಗಳು, ಹಾಗೆ ದೇಹಕ್ಕೆ ಊರುವುದನ್ನು ನಿಷೇಧಿಸುವ ಪ್ರಸ್ತಾಪ ಮುಂದಿಟ್ಟವು. ಮುಂದಿನ ಏಪ್ರಿಲ್‌ನ ಮಾಸ್ಟರ್ಸ್ ಪ್ಲೇ-ಆಫ್ ನಮ್ಮಲ್ಲಿ ಸೋಮವಾರ ನಸುಕಿನಲ್ಲಿ ಬಂತು. ಆಗಸ್ಟಾದಲ್ಲಿ ಮಳೆ, ಕತ್ತಲು ಕವಿಯುತ್ತಿತ್ತು. ಹತ್ತನೆಯ ಹೋಲ್‌ನಲ್ಲಿ ಆ್ಯಡಮ್ ಸ್ಕಾಟ್ ತಮ್ಮ ಕ್ಯಾಡಿಯನ್ನು, ಅಂದರೆ ಚೀಲ ಹೊರುವ ಸಹಾಯಕನನ್ನು, ಕರೆದು ಚೆಂಡು ಉರುಳಬೇಕಾದ ಗೆರೆ ಕೇಳಿದರು, ಉದ್ದದ ಪಟರನ್ನು ಎದೆಯ ಬಳಿ ಹಿಡಿದು ತಳ್ಳಿದರು, ಸುಮಾರು ಹನ್ನೆರಡು ಅಡಿಯ ಪಟ್ ಒಳಗೆ ಹೋಯಿತು. ಮಾಸ್ಟರ್ಸ್ ಗೆದ್ದ ಮೊದಲ ಆಸ್ಟ್ರೇಲಿಯನ್. ಸೋತ ಏಂಜೆಲ್ ಕಬ್ರೇರಾ ಬಂದು ಅಪ್ಪಿಕೊಂಡರು. ಅದನ್ನು ನೋಡುತ್ತಾ ಯಾರಿಗೂ ಮೋಸ ನಡೆಯಿತು ಅನ್ನಿಸಿರಲಾರದು. ಮರುತಿಂಗಳೇ ನಿಷೇಧ ಖಾತ್ರಿಯಾಯಿತು, 2016ರ ಜನವರಿ 1ರಿಂದ ಜಾರಿಗೆ ಬಂತು.

ನಿಷೇಧಿಸಿದವರು ಈ ವಿಧಾನದಿಂದ ಹೊಡೆತ ಸುಲಭವಾಗುತ್ತದೆ ಎಂದು ಅಂಕಿ-ಅಂಶ ಮುಂದಿಡಲಿಲ್ಲ. ಅದು ತಮ್ಮ ವಾದವೇ ಅಲ್ಲ ಎಂದರು. ಗಾಲ್ಫ್ ಹೊಡೆತವೆಂದರೆ ಕ್ಲಬ್ಬನ್ನು ದೇಹಕ್ಕೆ ಊರದೆ ಎರಡು ಕೈಯಲ್ಲಿ ಮುಕ್ತವಾಗಿ ಬೀಸುವುದು, ಇದು ಆ ವ್ಯಾಖ್ಯೆಗೆ ಹೊರತು ಎಂದರು. ವ್ಯಾಖ್ಯೆ ಮಾಡುವ ಹಕ್ಕು ಅವರಿಗಿದೆ, ಒಪ್ಪುತ್ತೇನೆ. ಆದರೆ ಎರಡಡಿಯ ಪಟ್ ಎದುರು ನಿಂತಾಗ ಕೈ ತನ್ನಷ್ಟಕ್ಕೆ ಜಿಗಿಯುವ ರೋಗಕ್ಕೆ ಸಿಕ್ಕವರನ್ನು ಹತ್ತಿರದಿಂದ ನೋಡಿದ್ದೇನೆ. ಬರ್ನ್‌ಹಾರ್ಡ್ ಲ್ಯಾಂಗರ್ ಅಂಥ ಆಟಗಾರರೂ ಅದಕ್ಕೆ ಸಿಕ್ಕಿ ನರಳಿದವರೇ. ಉದ್ದದ ಪಟರ್ ಅಂಥವರನ್ನು ಆಟದಲ್ಲಿ ಉಳಿಸಿತ್ತು. ಅದರಿಂದ ಯಾವ ಕೋರ್ಸೂ ಚಿಕ್ಕದಾಗಿರಲಿಲ್ಲ, ಚೆಂಡಿಗೆ ಅಡ್ಡಿಯಾಗಿ ತೋಡಿದ ಮರಳುಗುಂಡಿ, ಅಂದರೆ ಬಂಕರ್, ಯಾವುದೂ ವ್ಯರ್ಥವಾಗಿರಲಿಲ್ಲ. ಟ್ರಾವಿಸ್, ಸ್ನೀಡ್, ಸ್ಕಾಟ್ ಮೂವರ ವಿಷಯದಲ್ಲೂ ಹಿರಿಯರ ಕಣ್ಣಿಗೆ ಒಗ್ಗದ್ದು ಆ ಹೊಡೆತದ ನೋಟ ಎಂದೇ ನನ್ನ ಅನಿಸಿಕೆ. ನೋಟವನ್ನು ಕಾಪಾಡಲು ಮಾಡಿದ ನಿಯಮಗಳಿಗೆ ಪರಂಪರೆಯ ಹೆಸರು ಕೊಡುವುದು ನನಗೆ ಹಿಡಿಸುವುದಿಲ್ಲ.

ಹದಿನೈದನೆಯ ಕ್ಲಬ್

ಹಾಗೆಂದು ಎಲ್ಲ ನಿಯಮಗಳೂ ಅಂಥವಲ್ಲ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರಬಾರದೆನ್ನುವ ನಿಯಮ ನನಗೆ ಬಹಳ ಪ್ರಿಯ. ಅದು ಬಂದದ್ದು ಅಮೆರಿಕದಲ್ಲಿ 1938ಕ್ಕೆ, ಬ್ರಿಟನ್ನಿನಲ್ಲಿ 1939ಕ್ಕೆ. ಉಕ್ಕಿನ ಶಾಫ್ಟ್, ಅಂದರೆ ಹಿಡಿಕೋಲು, ಬಂದ ಮೇಲೆ ಕಾರ್ಖಾನೆಗಳು ಅಳತೆಗೊಂದರಂತೆ ಕ್ಲಬ್ ಮಾಡಿ ಮಾರತೊಡಗಿದ್ದವು. ಲಾಸನ್ ಲಿಟಲ್ ಅಂಥವರು ಮೂವತ್ತರ ಹತ್ತಿರ ಹತ್ತಿರ ಕ್ಲಬ್ ಹೊರಿಸಿಕೊಂಡು ಬರುತ್ತಿದ್ದರು. ಒಂದೊಂದು ದೂರಕ್ಕೂ ಒಂದೊಂದು ಕ್ಲಬ್ ಇದ್ದರೆ ಆಟಗಾರ ಯೋಚಿಸಬೇಕಾದ್ದೇನು? 14 ಎಂದಾಗ ಒಂದನ್ನು ಬಿಟ್ಟುಬರಬೇಕು, ಬಿಟ್ಟುಬಂದದ್ದರ ಕೆಲಸವನ್ನು ಇರುವುದರಲ್ಲೇ ಕೈಚಳಕದಿಂದ ಮಾಡಬೇಕು.

2001ರ ಓಪನ್‌ನ ಕೊನೆಯ ದಿನವನ್ನು ನಾನು ಟಿವಿಯಲ್ಲಿ ನೋಡಿದ್ದು ನಿನ್ನೆಯಂತೆ ನೆನಪಿದೆ. ರಾಯಲ್ ಲಿಥಮ್. ಅಲ್ಲಿನ ಮೊದಲ ಹೋಲ್ ಪಾರ್ 3, ಅಂದರೆ ಮೂರು ಹೊಡೆತಗಳಲ್ಲಿ ಮುಗಿಸಬೇಕಾದದ್ದು. ಇಯಾನ್ ವೂಸ್ನಮ್, ವೇಲ್ಸ್‌ನ ಕುಳ್ಳ ಮನುಷ್ಯ, ನಲವತ್ತು ದಾಟಿದವರು, ಟೀಯಿಂದ ಹೊಡೆದ ಚೆಂಡು ಹೋಲ್‌ನ ಬಾಯಿಗೇ ಬಂದು ನಿಂತಿತು. ತಳ್ಳಿ ಒಳಗೆ ಹಾಕಿ ಬರ್ಡಿ, ಅಂದರೆ ಪಾರ್‌ಗಿಂತ ಒಂದು ಕಡಿಮೆ, ಮಾಡಿದರು, ಮುಂಚೂಣಿಗೆ ಬಂದರು. ಎರಡನೆಯ ಟೀಗೆ ಬಂದಾಗ ಕ್ಯಾಡಿ ಏನೋ ಹೇಳಿದ. ವೂಸ್ನಮ್ ಮುಖ ಬದಲಾಯಿತು. ಬೆಳಿಗ್ಗೆ ಅಭ್ಯಾಸದಲ್ಲಿ ಎರಡು ಡ್ರೈವರ್ ಹೊಡೆದು ನೋಡಿದ್ದರು. ಬೇಡವಾದದ್ದನ್ನು ತೆಗೆದಿಡುವುದು ಮರೆತುಹೋಗಿತ್ತು. ಚೀಲದಲ್ಲಿ ಹದಿನೈದು. ಅವರು ಆ ಡ್ರೈವರನ್ನು ಕಿತ್ತು ಪೊದೆಯ ಕಡೆಗೆ ಎಸೆದದ್ದು, ಟೋಪಿಯನ್ನು ನೆಲಕ್ಕೆ ಬಡಿದದ್ದು ನನ್ನ ಕಣ್ಣಲ್ಲಿದೆ. ಎರಡು ಹೊಡೆತಗಳ ದಂಡ. ಎರಡಾಗಬೇಕಿದ್ದ ಸ್ಕೋರ್ ನಾಲ್ಕಾಯಿತು. ಮುಂದಿನ ಕೆಲವು ಹೋಲ್‌ಗಳಲ್ಲಿ ಮನಸ್ಸು ಕದಡಿತು, ಆಮೇಲೆ ಸಾವರಿಸಿಕೊಂಡು ಮೂರನೆಯ ಸ್ಥಾನ ಹಂಚಿಕೊಂಡರು. ಗೆದ್ದದ್ದು ಡೇವಿಡ್ ಡುವಾಲ್.

ಆ ಹೆಚ್ಚಿನ ಡ್ರೈವರ್ ವೂಸ್ನಮ್‌ಗೆ ಒಂದಿನಿತೂ ನೆರವಾಗಿರಲಿಲ್ಲ. ಆ ಹೋಲ್‌ನಲ್ಲಿ ಅದನ್ನು ಮುಟ್ಟಲೂ ಇಲ್ಲ. ಹಾಗಿದ್ದರೂ ಆ ದಂಡ ಅನ್ಯಾಯವೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಇಲ್ಲ. ಎಣಿಸಿದರೆ ಮುಗಿಯಿತು, ಅದಕ್ಕೆ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಸಂಜೆ ಆಡಲು ಬರುವ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೂ ಅದೇ ಹದಿನಾಲ್ಕು, ವಿಶ್ವ ಚಾಂಪಿಯನ್ನಿಗೂ ಅದೇ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಆಟಗಾರನಿಗೂ ಎದುರಿಗಿರುವ ನೆಲಕ್ಕೂ ನಡುವಿನ ಲೆಕ್ಕಾಚಾರವನ್ನು ಜೀವಂತ ಇಡುತ್ತದೆ.

ಹಿಡಿಯಷ್ಟು ಮರ

ಬೆಂಗಳೂರಿನ ಒಂದು ಡ್ರೈವಿಂಗ್ ರೇಂಜಿನಲ್ಲಿ ನನಗೆ ಪಾಠ ಹೇಳುತ್ತಿದ್ದ ಹಿರಿಯರೊಬ್ಬರಿದ್ದರು. ಹುಡುಗನಾಗಿದ್ದಾಗ ಕ್ಯಾಡಿ, ಆಮೇಲೆ ಕೋಚ್. ಒಂದು ಸಂಜೆ ಅವರು ಬಟ್ಟೆಯಲ್ಲಿ ಸುತ್ತಿದ್ದ ಹಳೆಯ ಡ್ರೈವರ್ ತಂದರು. ಪರ್ಸಿಮನ್ ಮರದ ತಲೆ, ಉಕ್ಕಿನ ಶಾಫ್ಟ್. ತಲೆ ನನ್ನ ಮುಷ್ಟಿಗಿಂತ ಸ್ವಲ್ಪ ದೊಡ್ಡದು, ವಾರ್ನಿಷ್ ಅಲ್ಲಲ್ಲಿ ಸುಲಿದಿತ್ತು. ಅದನ್ನು ನನ್ನ ಕೈಗಿಟ್ಟು, "ನಿಧಾನಕ್ಕೆ ಬೀಸಿ ಸಾರ್, ಅವಸರ ಬೇಡ" ಎಂದರು. ಬೀಸಿದೆ. ಚೆಂಡು ತಲೆಯ ತುದಿಗೆ ತಾಗಿ, ಮೊಣಕೈವರೆಗೂ ಜುಮ್ಮೆಂದಿತು. ಚೆಂಡು ಬಲಕ್ಕೆ ಹೊರಳಿ ಬೇಲಿಯ ಕಡೆ ಹೋಯಿತು. "ನೋಡಿದ್ರಾ, ನಡುಕ್ಕೆ ತಾಗ್ಲಿಲ್ಲ ಅಂದ್ರೆ ಕೈಗೇ ಹೇಳಿಬಿಡುತ್ತೆ. ಈಗಿನ ಡ್ರೈವರ್ ಹೇಳಲ್ಲ ಸಾರ್, ನೀವು ತಪ್ಪು ಹೊಡೆದ್ರೂ ಸರಿ ಅನ್ನುತ್ತೆ." ನಾಲ್ಕಾರು ಹೊಡೆತಗಳಾದ ಮೇಲೆ ಒಂದು ನಟ್ಟನಡುವೆ ತಾಗಿತು. ಆ ಸದ್ದೇ ಬೇರೆ, ಕೈಯಲ್ಲಿ ಏನೂ ತಿಳಿಯದಷ್ಟು ನಯ. ಅವರು ಏನೂ ಅನ್ನದೆ ಇನ್ನೊಂದು ಚೆಂಡನ್ನು ಟೀ ಮೇಲಿಟ್ಟರು.

ಲೋಹದ ಡ್ರೈವರ್‌ಗಳು ಪೇಟೆಗೆ ಬಂದದ್ದು 1979ರಿಂದೀಚೆಗೆ. 1991ರಲ್ಲಿ ಕ್ಯಾಲವೇ ಕಂಪನಿಯ ಬಿಗ್ ಬರ್ತಾ ಬಂದಾಗ ಅದರ 190 ಸಿಸಿ ತಲೆ ರಾಕ್ಷಸ ಗಾತ್ರದಂತೆ ಕಂಡಿತ್ತು. ಹತ್ತು ಹನ್ನೆರಡು ವರ್ಷಗಳಲ್ಲಿ ಟೈಟಾನಿಯಂ ತಲೆ ಅದರ ಎರಡು ಪಟ್ಟು ಮೀರಿ ಬೆಳೆದು, 460 ಸಿಸಿಗೆ ಕೊನೆಗೂ ಗೆರೆ ಎಳೆದರು. 2000ದ ಅಕ್ಟೋಬರಿನಲ್ಲಿ ಟೈಟ್ಲಿಸ್ಟ್ ಕಂಪನಿಯ ಪ್ರೊ ವಿ1 ಚೆಂಡು ಟೂರ್‌ಗಳಲ್ಲಿ ಆಡುವ ವೃತ್ತಿಪರರ ಕೈಗೆ ಬಂತು. ಲಾಸ್ ವೇಗಸ್‌ನ ಆ ಒಂದೇ ವಾರದಲ್ಲಿ 47 ಆಟಗಾರರು ಅದಕ್ಕೆ ಬದಲಾದರು. ಅದುವರೆಗಿನ ರಬ್ಬರ್ ಎಳೆ ಸುತ್ತಿದ ಬಲಾಟ ಚೆಂಡು ಡ್ರೈವರ್ ಹೊಡೆತದಲ್ಲೂ ವಿಪರೀತ ಸುತ್ತುತ್ತಿತ್ತು. ತಪ್ಪಿ ತಾಗಿದರೆ ಫೇರ್‌ವೇ, ಅಂದರೆ ನಡುವಿನ ಕತ್ತರಿಸಿದ ಹುಲ್ಲಿನ ಹಾದಿ, ಬಿಟ್ಟು ಎಲ್ಲೋ ಹೋಗುತ್ತಿತ್ತು. ಗಟ್ಟಿ ತಿರುಳಿನ ಹೊಸ ಚೆಂಡು ಡ್ರೈವರ್‌ಗೆ ಸಿಕ್ಕಾಗ ಕಡಿಮೆ ಸುತ್ತುತ್ತದೆ, ಹತ್ತಿರದ ಹೊಡೆತಕ್ಕೆ ಬಳಸುವ ವೆಡ್ಜ್‌ಗೆ ಸಿಕ್ಕಾಗ ಹೆಚ್ಚು ಸುತ್ತುತ್ತದೆ. ಬಲವಾಗಿ ಬೀಸುವವನಿಗೆ ಇದ್ದ ಹೆದರಿಕೆ ಅಲ್ಲಿಗೆ ಹೋಯಿತು. 1980ರಲ್ಲಿ ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನ ಅತಿ ದೂರದ ಹೊಡೆತಗಾರ ಡ್ಯಾನ್ ಪೋಲ್ ಅವರ ಸರಾಸರಿ 274 ಗಜ. ಇಂದು ಇಡೀ ಟೂರ್‌ನ ಸರಾಸರಿಯೇ 300 ಗಜದ ಆಸುಪಾಸಿನಲ್ಲಿದೆ. ಅವತ್ತಿನ ಮೊದಲಿಗ ಇವತ್ತು ಕೊನೆಯ ಸಾಲಿಗೂ ಸಲ್ಲನು.

ಆಟಗಾರರು ಗಟ್ಟಿಮುಟ್ಟಾಗಿದ್ದಾರೆ, ವ್ಯಾಯಾಮ ಮಾಡುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎನ್ನುತ್ತಾರೆ. ಖಂಡಿತ ಹಿಡಿಯಬೇಕು. ಆದರೆ ಅಷ್ಟು ಜೋರಾಗಿ ಬೀಸುವ ಧೈರ್ಯ ಕೊಟ್ಟದ್ದು ದೊಡ್ಡ ತಲೆಯ ಡ್ರೈವರ್ ಮತ್ತು ನೆಟ್ಟಗೆ ಹಾರುವ ಚೆಂಡು. ಪರ್ಸಿಮನ್ ತಲೆಯಲ್ಲಿ ಹಾಗೆ ಬೀಸಿದವನಿಗೆ ಚೆಂಡು ಹುಡುಕುವುದರಲ್ಲೇ ದಿನ ಮುಗಿಯುತ್ತಿತ್ತು.

ಹಿಂದಕ್ಕೆ ಸರಿಯುತ್ತಲೇ ಇರುವ ಟೀ

ನಮಗೆ ಚೆನ್ನಾಗಿ ಗೊತ್ತಿರುವ ಕ್ರಿಕೆಟ್ಟಿನಲ್ಲೂ ಬ್ಯಾಟ್ ದಪ್ಪಗಾಗುತ್ತಾ ಹೋಗಿ, 2017ರಲ್ಲಿ ಅಂಚು 40 ಮಿಲಿಮೀಟರ್ ಮೀರಬಾರದು ಎಂದು ಮಿತಿ ಹಾಕಿದರು. ಅಲ್ಲಿ ಸಿಕ್ಸರ್ ಹೆಚ್ಚಾದರೆ ಹೆಚ್ಚಾಗಲಿ, ಬೌಂಡರಿ ಹಗ್ಗ ಇರುವ ಮೈದಾನದೊಳಗೇ ಇರುತ್ತದೆ. ಗಾಲ್ಫ್‌ನಲ್ಲಿ ಹಾಗಲ್ಲ. ಬಂಕರನ್ನು ಎಲ್ಲಿ ತೋಡಬೇಕು, ಹಳ್ಳ ಎಲ್ಲಿ ಅಡ್ಡ ಬರಬೇಕು, ಫೇರ್‌ವೇ ಎಲ್ಲಿ ಬಾಗಬೇಕು ಎನ್ನುವುದೆಲ್ಲ ಒಂದು ದೂರವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಚೆಂಡು ಅದರ ಮೇಲಿಂದಲೇ ಹಾರಿಹೋದರೆ ಆ ಬಂಕರ್ ಇದ್ದೂ ಇಲ್ಲ. ಆಗ ಟೀಯನ್ನು ಹಿಂದಕ್ಕೆ ಹಾಕುತ್ತಾರೆ. ಆಗಸ್ಟಾದವರು 2017ರಲ್ಲಿ ಪಕ್ಕದ ಕ್ಲಬ್ಬಿನಿಂದ ಜಾಗ ಕೊಂಡು, 2023ಕ್ಕೆ ಹದಿಮೂರನೆಯ ಹೋಲ್ ಅನ್ನು 510ರಿಂದ 545 ಗಜಕ್ಕೆ ಎಳೆದರು. ಅವರ ಬಳಿ ಹಣವಿದೆ. 2010ರ ಓಪನ್‌ಗೆಂದು ಸೇಂಟ್ ಆಂಡ್ರ್ಯೂಸ್‌ನ ಹದಿನೇಳನೆಯ ಹೋಲ್‌ನ ಟೀಯನ್ನು ಸುಮಾರು 40 ಗಜ ಹಿಂದೆ, ಕೋರ್ಸಿನ ಗಡಿಯಾಚೆಗೆ ಕಟ್ಟಿದರು. ಗಾಲ್ಫ್ ಹುಟ್ಟಿದ ನೆಲದಲ್ಲಿ ಆಟ ತನ್ನ ಬೇಲಿಯಾಚೆ ನಿಂತು ಹೊಡೆಯಬೇಕಾಗಿದೆ ಎನ್ನುವುದು ನನಗೆ ಬಹಳ ನೋವಿನ ಸಂಗತಿ.

ಎಲ್ಲರಿಗೂ ಹಿಂದೆ ಜಾಗ ಎಲ್ಲಿಂದ ಬರಬೇಕು? ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿ 1876ರಿಂದ ಇರುವ ಗಾಲ್ಫ್ ಕ್ಲಬ್ಬನ್ನೇ ನೋಡಿ. ಊರು ಅದನ್ನು ನಾಲ್ಕೂ ಕಡೆಯಿಂದ ಸುತ್ತುವರಿದು ಎಷ್ಟೋ ಕಾಲವಾಯಿತು. ಇತ್ತ ದೊಮ್ಮಲೂರಿನ ಕಡೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸನ್ನು ರೂಪಿಸಿದವರು ಪೀಟರ್ ಥಾಮ್ಸನ್, ಐದು ಸಲ ಓಪನ್ ಗೆದ್ದವರು, 1964ರ ಮೊಟ್ಟಮೊದಲ ಇಂಡಿಯನ್ ಓಪನ್ ಗೆದ್ದವರು. ಚೆಂಡನ್ನು ನೆಲದ ಮೇಲೆ ಉರುಳಿಸಿಕೊಂಡು ಗ್ರೀನ್‌ಗೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ತಲುಪಿಸುವ ಕಲೆಯಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಅಂಥವರು ಯೋಚಿಸಿ ಇಟ್ಟ ಬಂಕರ್‌ಗಳ ಮೇಲೆ ಇವತ್ತಿನ ಹುಡುಗರ ಚೆಂಡು ಹಾರಿಹೋಗುವಾಗ ನನಗೆ ಹೊಟ್ಟೆಯುರಿಯುತ್ತದೆ. ಕೋರ್ಸ್ ಉದ್ದವಾದಷ್ಟೂ ಹೆಚ್ಚು ಹುಲ್ಲು, ಹೆಚ್ಚು ನೀರು, ಹೆಚ್ಚು ಖರ್ಚು. ಬೆಂಗಳೂರಿನವರಿಗೆ ನೀರಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಚಿಕ್ಕ ಕೋರ್ಸೂ ಎದುರು ನಿಲ್ಲಬಲ್ಲದು ಎನ್ನುವವರು ಅಮೆರಿಕದ ಮೆರಿಯನ್ ಕೋರ್ಸಿನ ಹೆಸರು ಹೇಳುತ್ತಾರೆ. 2013ರ ಯುಎಸ್ ಓಪನ್ ಅಲ್ಲಿ 7,000 ಗಜಕ್ಕೂ ಕಡಿಮೆ ಉದ್ದದಲ್ಲಿ ನಡೆಯಿತು, ಗೆದ್ದ ಜಸ್ಟಿನ್ ರೋಸ್ ಸ್ಕೋರ್ ಪಾರ್‌ಗಿಂತ ಒಂದು ಹೆಚ್ಚು. ನಿಜ. ಆದರೆ ಅದಕ್ಕಾಗಿ ಫೇರ್‌ವೇಗಳನ್ನು ಕಿರಿದು ಮಾಡಿ, ಪಕ್ಕದ ಒರಟು ಹುಲ್ಲನ್ನು, ಅಂದರೆ ರಫ್ ಅನ್ನು, ಕಾಲು ಹೂತುಹೋಗುವಷ್ಟು ಬೆಳೆಸಬೇಕಾಯಿತು. ಅದು ಮೆರಿಯನ್ನಿನ ಸಹಜ ಮುಖವಲ್ಲ.

ಹದಿನೈದು ಗಜದ ಜಗಳ

2023ರ ಡಿಸೆಂಬರಿನಲ್ಲಿ ಎರಡೂ ಆಡಳಿತ ಸಂಸ್ಥೆಗಳು ಚೆಂಡಿನ ದೂರಕ್ಕೆ ಹೊಸ ಮಿತಿ ಸಾರಿದವು. ಯಂತ್ರದ ಕ್ಲಬ್ ಗಂಟೆಗೆ 120 ಮೈಲಿಯ ಬದಲು 125 ಮೈಲಿ ವೇಗದಲ್ಲಿ ಹೊಡೆದಾಗಲೂ ಚೆಂಡು ಹಳೆಯ ಮಿತಿಯನ್ನೇ, ಅಂದರೆ 317 ಗಜ ಮತ್ತು 3 ಗಜದ ರಿಯಾಯಿತಿಯನ್ನು, ದಾಟಬಾರದು. ವೃತ್ತಿಪರರಿಗೆ 2028ರಿಂದ, ಎಲ್ಲರಿಗೂ 2030ರಿಂದ ಎಂದು ಆಗ ಪ್ರಕಟಿಸಿದರು. ಅವರ ಅಂದಾಜಿನಲ್ಲಿ ಅತಿ ಬಲಶಾಲಿಗಳು ಕಳೆದುಕೊಳ್ಳುವುದು 13ರಿಂದ 15 ಗಜ, ಸಾಮಾನ್ಯ ವೃತ್ತಿಪರ 9ರಿಂದ 11, ವಾರಾಂತ್ಯದ ಆಟಗಾರ 5 ಗಜ ಅಥವಾ ಅದಕ್ಕೂ ಕಡಿಮೆ. ಹಿಂದಿನ ತಲೆಮಾರಿನ ಮಹಾ ಆಟಗಾರ ಜ್ಯಾಕ್ ನಿಕ್ಲಸ್ ದಶಕಗಳಿಂದ ಕೇಳುತ್ತಾ ಬಂದದ್ದರ ಒಂದು ಪಾಲು ಇದು. ಮೆಕಿಲ್ರಾಯ್ ಕೂಡ ಮಿತಿಯ ಪರ. ಅವರಷ್ಟು ದೂರ ಹೊಡೆಯುವವರೇ ಕಡಿಮೆ ಇರುವಾಗ ಆ ಮಾತಿಗೆ ತೂಕವಿದೆ.

ನಾನು ಈ ಮಿತಿಯ ಪರ. ಇದು ಯಾರ ನಿಲುವಿನ ನೋಟವನ್ನೂ ತಿದ್ದಲು ಹೊರಟ ನಿಯಮವಲ್ಲ, ನೆಲವನ್ನು ಉಳಿಸಲು ಹೊರಟದ್ದು. ಅಂಥ ನಿಯಮಗಳೆಲ್ಲ ಫಲ ಕೊಟ್ಟಿವೆ ಎಂದೇನೂ ಹೇಳಲಾರೆ. 2010ರಲ್ಲಿ ಐರನ್ ಎನ್ನುವ ಕ್ಲಬ್‌ಗಳ ಮುಖದ ಮೇಲಿನ ಗೀರುಗಳ ಅಂಚನ್ನು ಮೊಂಡು ಮಾಡಿಸಿದಾಗ, ರಫ್‌ನಿಂದ ಹೊಡೆಯುವುದು ಕಷ್ಟವಾಗಿ ಆಟಗಾರರು ಫೇರ್‌ವೇ ಕಡೆ ಗಮನ ಕೊಡುತ್ತಾರೆ ಎಂದು ಆಶಿಸಿದ್ದರು. ಅಷ್ಟೇನೂ ಆಗಲಿಲ್ಲ. ಆ ವರ್ಷ ಫಿಲ್ ಮಿಕಲ್ಸನ್, ಹಳೆಯ ಕೋರ್ಟ್ ರಾಜಿಯ ರಕ್ಷಣೆಯಿದ್ದ ಪಿಂಗ್ ಕಂಪನಿಯ ವೆಡ್ಜ್ ತಂದು ಆಡಿದ್ದೇ ದೊಡ್ಡ ರಂಪವಾಯಿತು. ಹದಿನೈದು ಗಜ ಕೂಡ ಸಾಲದು ಎನ್ನುವುದು ನನ್ನ ಅಭಿಪ್ರಾಯ. ಆದರೆ ನೂರಿಪ್ಪತ್ತು ವರ್ಷ ಒಂದೇ ದಿಕ್ಕಿಗೆ ಹೋದ ಗಾಡಿಯನ್ನು ಇಷ್ಟಾದರೂ ತಿರುಗಿಸಿದ್ದು ದೊಡ್ಡ ಮಾತು.

ನನಗೆ ಇನ್ನೂ ಸಮಾಧಾನವಾಗದ ಒಂದು ಅಂಶವಿದೆ. 2023ರ ಮಾರ್ಚ್‌ನಲ್ಲಿ ಮೊದಲು ಬಂದ ಪ್ರಸ್ತಾಪ ಬೇರೆಯೇ ಇತ್ತು. ಉನ್ನತ ಮಟ್ಟದ ಪಂದ್ಯಾವಳಿಗಳು ಬೇಕಾದರೆ ಅಳವಡಿಸಿಕೊಳ್ಳಬಹುದಾದ ಸ್ಥಳೀಯ ನಿಯಮ, ಉಳಿದವರಿಗೆ ಹಳೆಯ ಚೆಂಡೇ. ಚೆಂಡು ತಯಾರಕರೂ ಪಿಜಿಎ ಟೂರೂ ವಿರೋಧಿಸಿದವು. ಎಲ್ಲರಿಗೂ ಒಂದೇ ನಿಯಮವೆನ್ನುವುದೇ ಗಾಲ್ಫ್‌ನ ಪರಂಪರೆ ಎಂಬ ವಾದ ಬಲವಾಗಿ ಕೇಳಿಬಂತು. ಇತಿಹಾಸ ಹಾಗಿಲ್ಲ. ಉಕ್ಕಿನ ಶಾಫ್ಟ್ ಅಮೆರಿಕದಲ್ಲಿ 1924ರಿಂದಲೇ ಸಲ್ಲುತ್ತಿದ್ದಾಗ ಬ್ರಿಟನ್ನಿನಲ್ಲಿ 1929ರವರೆಗೆ ಸಲ್ಲುತ್ತಿರಲಿಲ್ಲ. ಚೆಂಡಿನ ಅಡ್ಡಳತೆ 1930ರ ದಶಕದಿಂದ ಅಮೆರಿಕದಲ್ಲಿ 1.68 ಇಂಚು, ಉಳಿದೆಡೆ 1.62 ಇಂಚು. ಓಪನ್‌ನಲ್ಲಿ ದೊಡ್ಡ ಚೆಂಡು ಕಡ್ಡಾಯವಾದದ್ದು 1974ರಲ್ಲಿ, ಸಣ್ಣ ಚೆಂಡು ಪೂರ್ತಿ ಮರೆಯಾದದ್ದು 1990ರಲ್ಲಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗಾಲ್ಫ್ ಎರಡು ಚೆಂಡುಗಳಲ್ಲಿ ನಡೆದಿದೆ, ಚೆನ್ನಾಗಿಯೇ ನಡೆದಿದೆ.

ಈ ವಾದ ಗೆದ್ದದ್ದರಿಂದ ಹೊರೆ ಬಿದ್ದದ್ದು ಯಾರ ಮೇಲೆ ಎಂದು ಯೋಚಿಸುವಾಗ ನನಗೆ ಬೆಂಗಳೂರಿನ ಅದಿತಿ ಅಶೋಕ್ ನೆನಪಾಗುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ಅಮ್ಮನೇ ಕ್ಯಾಡಿಯಾಗಿ ಜತೆಗಿದ್ದ ಆ ವಾರ ಅವರು ಒಂದೇ ಹೊಡೆತದಿಂದ ಕಂಚು ಕಳೆದುಕೊಂಡು ನಾಲ್ಕನೆಯವರಾದರು. ಅಲ್ಲಿದ್ದವರಲ್ಲಿ ಅವರ ಡ್ರೈವ್ ಅತಿ ಕಡಿಮೆ ದೂರ ಹೋಗುವವುಗಳ ಸಾಲಿನದು. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಸಣ್ಣ ಐರನ್ ಹಿಡಿಯುವ ಕಡೆ ಇವರು ಹೆಚ್ಚು ದೂರಕ್ಕೆ ಬಳಸುವ ಹೈಬ್ರಿಡ್ ಕ್ಲಬ್ ಹಿಡಿಯಬೇಕು, ಚೆಂಡನ್ನು ಗ್ರೀನ್‌ನ ಬಾಯಿಗೆ ಇಳಿಸಿ ಉರುಳಿಸಬೇಕು, ಉಳಿದದ್ದನ್ನು ಪಟರ್‌ನಲ್ಲಿ ತೀರಿಸಬೇಕು. ಆ ನಾಲ್ಕು ದಿನವೂ ನೆಲದ ಪ್ರತಿ ಏರಿಳಿತಕ್ಕೂ ಅರ್ಥವಿತ್ತು, ಪ್ರತಿ ಬಂಕರೂ ಅವರಿಗೆ ಲೆಕ್ಕಕ್ಕಿತ್ತು. ಮಹಿಳೆಯರ ಟೂರ್‌ಗಳಲ್ಲಿ ಕೋರ್ಸಿಗೂ ಹೊಡೆತಕ್ಕೂ ನಂಟು ಇನ್ನೂ ಕಡಿದಿಲ್ಲ, ಹಾಗಾಗಿಯೇ ನಾನು ಈಗ ಗಂಡಸರ ಪಂದ್ಯಗಳಿಗಿಂತ ಅವನ್ನು ಹೆಚ್ಚು ನೋಡುತ್ತೇನೆ. ಹೊಸ ಚೆಂಡಿನಿಂದ ಆ ಆಟಗಾರ್ತಿಯರು ಐದರಿಂದ ಏಳು ಗಜ ಕಳೆದುಕೊಳ್ಳುತ್ತಾರೆ ಎನ್ನುವುದು ನಿಯಮ ಮಾಡಿದವರದೇ ಅಂದಾಜು. ಮಾರ್ಚ್‌ನ ಪ್ರಸ್ತಾಪ ಉಳಿದಿದ್ದರೆ ಅವರ ಟೂರ್‌ಗಳು ಅದನ್ನು ಬೇಡವೆನ್ನಬಹುದಿತ್ತು. ಈಗ ಆ ಆಯ್ಕೆಯಿಲ್ಲ. ಮುನ್ನೂರು ಗಜ ದಾಟಿಸಿ ಬಂಕರ್‌ಗಳನ್ನು ವ್ಯರ್ಥ ಮಾಡಿದವರು ಅವರಲ್ಲ, ಅವರ ಆಟದಲ್ಲಿ ಈ ನಿಯಮ ಸರಿಪಡಿಸಬೇಕಾದ್ದು ಏನೂ ಇರಲಿಲ್ಲ.